ಕೆಟ್ಟಿದ್ದೋ, ಕೆಡಿಸಿದ್ದೋ? ನೈತಿಕ ಕೇಡಿನ ಗೆರೆ ಎಲ್ಲಿ ಎಳೆಯಬೇಕು

ನವಲಗುಂದದ ಓದುಗ
ಎಂ.ಎ. ತತ್ತ್ವಶಾಸ್ತ್ರಕ್ಕೆ ‘ಕೇಡಿನ ಸಮಸ್ಯೆ’ (ಒಳ್ಳೆಯ ದೇವರಿದ್ದರೆ ಲೋಕದಲ್ಲಿ ಕೇಡು ಯಾಕೆ ಎಂಬ ಪ್ರಶ್ನೆ) ಮೇಲೆ ಪ್ರಬಂಧ ಬರೆಯಬೇಕು. ಪಠ್ಯದಲ್ಲಿ ಇರುವುದು ಎರಡೇ ಸಾಲು: ಮನುಷ್ಯ ಮಾಡಿದ್ದು ನೈತಿಕ ಕೇಡು, ನಿಸರ್ಗದಿಂದ ಬಂದದ್ದು ನೈಸರ್ಗಿಕ ಕೇಡು. ಕೊಲೆ ಆ ಕಡೆ, ಭೂಕಂಪ ಈ ಕಡೆ. ಸರಿ, ಬೆಣ್ಣಿಹಳ್ಳ ಉಕ್ಕಿ ಹೆಸರು, ಉಳ್ಳಾಗಡ್ಡಿ ಹೊಲದಲ್ಲೇ ಕೊಳೆತರೆ ಯಾವ ಕಡೆ ಇಡಬೇಕು? ಮಳೆ ಯಾರೂ ಸುರಿಸಿದ್ದಲ್ಲ. ಆದರೆ ಹೂಳು ತೆಗೆಸದೆ ಬಿಟ್ಟವರು ಇರಬಹುದು, ಹಳ್ಳದ ದಂಡೆ ಒತ್ತಿ ಬಿತ್ತಿದವರೂ ಇರಬಹುದು. ಒಂದು ಪ್ರಕರಣ ಕೈಗೆ ಕೊಟ್ಟರೆ ಹೇಗೆ ಬಿಡಿಸಬೇಕು ಅನ್ನುವುದನ್ನು ತಿಳಿದವರು ಹೇಳಿ.

ಕಪ್ಪತಗುಡ್ಡ
ನಿಮ್ಮ ತೊಡಕು ಹೊಸದಲ್ಲ, ಈ ವಿಂಗಡಣೆಯಷ್ಟೇ ಹಳೆಯದು. ಜರ್ಮನ್ ತತ್ತ್ವಜ್ಞ ಲೈಬ್ನಿಟ್ಸ್ 1710ರಲ್ಲಿ ಕೇಡನ್ನು ಮೂರು ಮಾಡಿದ: ಸೃಷ್ಟಿಯಾದದ್ದು ಅಪೂರ್ಣವಾಗಿಯೇ ಇರುತ್ತದೆ ಅನ್ನುವ ತಾತ್ತ್ವಿಕ ಕೇಡು, ನೋವು ಅನ್ನುವ ಭೌತಿಕ ಕೇಡು, ಪಾಪ ಅನ್ನುವ ನೈತಿಕ ಕೇಡು. ಪುಸ್ತಕದಲ್ಲಿ ಅಚ್ಚುಕಟ್ಟಾಗಿತ್ತು. 1755ರ ನವೆಂಬರ್ 1ರಂದು ಲಿಸ್ಬನ್ ನಗರ ಭೂಕಂಪಕ್ಕೆ ಬಿತ್ತು. ಹಬ್ಬದ ದಿನ, ಜನ ಚರ್ಚುಗಳಲ್ಲಿದ್ದರು. ಫ್ರೆಂಚ್ ಲೇಖಕ ವಾಲ್ಟೇರ್ ಇದನ್ನೇ ಹಿಡಿದು ‘ಎಲ್ಲವೂ ಒಳ್ಳೆಯದಕ್ಕೇ’ ಅನ್ನುವವರನ್ನು ತರಾಟೆಗೆ ತೆಗೆದುಕೊಂಡ. ಅದಕ್ಕೆ ಚಿಂತಕ ರೂಸೋ 1756ರಲ್ಲಿ ಬರೆದ ಪತ್ರ ನಿಮಗೆ ಬೇಕಾದದ್ದು. ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಒಂದೇ ಕಡೆ ಒತ್ತಿ ಕಟ್ಟಿದ್ದು ನಿಸರ್ಗವೇನಲ್ಲ ಎಂಬುದು ಅವನ ವಾದ. ಜನ ಚದುರಿ, ತಗ್ಗು ಮನೆಗಳಲ್ಲಿ ಇದ್ದಿದ್ದರೆ ಅದೇ ಕಂಪನಕ್ಕೆ ಅಷ್ಟು ಸಾವು ಆಗುತ್ತಿರಲಿಲ್ಲ. ಅಂದರೆ ಭೂಕಂಪ ಒಂದು, ಭೂಕಂಪದಲ್ಲಿ ಆದ ಸಾವು ಇನ್ನೊಂದು. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಪ್ರಬಂಧ ಮೊದಲ ಪುಟದಲ್ಲೇ ಕೆಡುತ್ತದೆ.

ಅತ್ತಿಕೊಳ್ಳ
ಲಿಸ್ಬನ್ ತನಕ ಯಾಕ ಹೋಗ್ತೀರಿ, ಕನ್ನಡದೊಳಗ ಇದು ಐತಿ ನೋಡ್ರಿ. ‘ಕೇಡು’ ಅನ್ನೋ ಶಬ್ದ ಎರಡಕ್ಕೂ ನಡೀತೈತಿ. ಆದ್ರ ಕ್ರಿಯಾಪದಕ್ಕ ಬಂದ್ರ ದಾರಿ ಕವಲೊಡಿತೈತಿ: ಹಾಲು ಕೆಟ್ಟಿತು, ಹಾಲು ಕೆಡಿಸಿದ್ರು. ಒಂದರಾಗ ಮಾಡಿದವರು ಇಲ್ಲ, ಇನ್ನೊಂದರಾಗ ಅದಾರ. ಆ ‘ಇಸು’ ಪ್ರತ್ಯಯ ಎಲ್ಲಿ ಬರ್ತೈತೋ ಅಲ್ಲಿಂದ ನೈತಿಕ ಕೇಡು ಶುರು. ಮೂರನೇದೂ ಒಂದೈತಿ, ಅದನ್ನ ಎಲ್ಲಾರೂ ಮರೀತಾರ: ಕೆಡಾಕ ಬಿಟ್ರು. ನಿಮ್ಮ ಹಳ್ಳದ ಹೂಳು ಈ ಮೂರನೇ ಖಾನೆದ್ದು.

ದುರ್ಗದಬೈಲ್
ಅಷ್ಟು ಸಲೀಸಲ್ಲ ಸರ್. ‘ಅಕಾಲಿಕ ಮಳೆ ಹೆಸರು ಬೆಳೆ ಕೆಡಿಸಿತು’ ಅಂತ ನಾವೇ ಹೇಳುತ್ತೇವೆ. ಇಲ್ಲೂ ‘ಇಸು’ ಇದೆ. ಹಾಗಾದರೆ ಮಳೆ ಪಾಪ ಮಾಡಿತೇ? ಮೇಲಾಗಿ ಎಲ್ಲ ‘ಇಸು’ ಪ್ರೇರಣಾರ್ಥಕವೂ ಅಲ್ಲ. ಯೋಚಿಸು, ಭಾವಿಸು ಅನ್ನುವಲ್ಲಿ ಯಾರೂ ಯಾರಿಂದಲೂ ಏನೂ ಮಾಡಿಸುವುದಿಲ್ಲ. ವ್ಯಾಕರಣ ಕಾರಣವನ್ನು ತೋರಿಸುತ್ತದೆ, ಹೊಣೆಯನ್ನಲ್ಲ.

ಅತ್ತಿಕೊಳ್ಳ
ಒಪ್ಪಿದೆ. ಹಂಗಾರ ಇನ್ನೊಂದು ಅಳತಿ ಹಚ್ಚೋಣ. ಮಳಿಗೆ ‘ಯಾಕ ಕೆಡಿಸಿದಿ?’ ಅಂತ ಕೇಳಿದ್ರ ಜವಾಬು ಬರೂದಿಲ್ಲ, ಬರಬೇಕಂತ ಯಾರೂ ಕಾಯೂದೂ ಇಲ್ಲ. ಹೂಳು ತೆಗಿಸೋ ಕೆಲಸ ಯಾರ ಕೈಯಾಗ ಇತ್ತೋ ಅವರನ್ನ ಕೇಳಿದ್ರ ಜವಾಬು ಕೊಡಬೇಕಾಗ್ತೈತಿ. ‘ಜವಾಬ್ದಾರಿ’ ಅನ್ನೋ ಮಾತಿನಾಗೇ ಜವಾಬು ಕುಂತೈತಿ. ಕರ್ತೃಪದದ ಜಾಗದಾಗ ಇದ್ದದ್ದನ್ನ ಹಿಂಗ ಕೇಳಾಕ ಬರ್ತೈತೋ ಇಲ್ಲೋ, ಅಷ್ಟ ನೋಡ್ರಿ.

ದುರ್ಗದಬೈಲ್
ಇದು ನಡೆಯುತ್ತದೆ. ಈ ಅಳತೆಗೆ ಬೀದಿನಾಯಿ, ಎಳೆ ಮಗು, ಬುದ್ಧಿಭ್ರಮಣೆ ಆದವರು ಮೂವರೂ ಹೊರಗೆ ಉಳಿಯುತ್ತಾರೆ. ಉಳಿಯಬೇಕಾದದ್ದೇ.

ವರದಾತೀರ
ಪ್ರಶ್ನೆ ಕೇಳಿದವರಿಗೆ ಹಂತಗಳು ಬೇಕಾಗಿವೆ, ಅವನ್ನು ಬರೆಯುತ್ತೇನೆ. ಕ್ರಮ ತಪ್ಪಿಸಬೇಡಿ, ತಪ್ಪಿಸಿದರೆ ಉತ್ತರವೂ ತಪ್ಪುತ್ತದೆ.

ಮೊದಲು ಹಾನಿಯನ್ನು ಬಿಡಿಬಿಡಿಯಾಗಿ ಬರೆಯಿರಿ. ‘ಪ್ರವಾಹ’ ಅನ್ನುವುದು ಹಾನಿಯ ಹೆಸರಲ್ಲ. ಬೆಳೆ ಹೋದದ್ದು, ಮನೆಯ ಗೋಡೆ ಕುಸಿದದ್ದು, ದನ ಸತ್ತದ್ದು, ಪರಿಹಾರದ ಪಟ್ಟಿಯಿಂದ ಹೆಸರು ಬಿಟ್ಟದ್ದು, ಇವು ನಾಲ್ಕು ಬೇರೆ ಬೇರೆ ಹಾನಿ. ಕೊನೆಯದಕ್ಕೂ ಮಳೆಗೂ ಸಂಬಂಧವೇ ಇಲ್ಲ.

ಆಮೇಲೆ ಪ್ರತಿಯೊಂದಕ್ಕೂ ಮನುಷ್ಯರ ಕೈಯನ್ನು ತೆಗೆದು ನೋಡಿ. ಇಂಥವರು ಇಂಥದ್ದನ್ನು ಮಾಡದಿದ್ದರೆ, ಅಥವಾ ಮಾಡಬೇಕಾದದ್ದನ್ನು ಮಾಡಿದ್ದರೆ, ಇದೇ ಹಾನಿ ಇಷ್ಟೇ ಆಗುತ್ತಿತ್ತೇ? ಆಗುತ್ತಿತ್ತು ಅಂದರೆ ಹೆಚ್ಚಿನ ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ. ಹೆಚ್ಚಿನವು ಅಂದೆ, ಎಲ್ಲವೂ ಅಲ್ಲ. ರಾಜನ ಕೊಳಕ್ಕೆ ಹಾಲು ಸುರಿಯಿರಿ ಅಂದರೆ ಊರವರೆಲ್ಲ ಕತ್ತಲಲ್ಲಿ ನೀರು ಸುರಿದ ಕತೆ ಗೊತ್ತಲ್ಲ. ಒಬ್ಬೊಬ್ಬರನ್ನೂ ತೆಗೆದು ನೋಡಿದರೆ ಕೊಳದ ಬಣ್ಣ ಬದಲಾಗುವುದಿಲ್ಲ, ಆದ್ದರಿಂದ ಯಾರದ್ದೂ ತಪ್ಪಿಲ್ಲ ಅನ್ನಬೇಕಾಗುತ್ತದೆ. ಹಳ್ಳದ ದಂಡೆಯನ್ನು ನೂರು ಜನ ಒಂದೊಂದು ಮೊಳ ಒತ್ತಿದರೂ ಲೆಕ್ಕ ಅದೇ. ತತ್ತ್ವಜ್ಞ ಡೆರೆಕ್ ಪಾರ್ಫಿಟ್ 1984ರಲ್ಲಿ ಇದನ್ನು ನೈತಿಕ ಗಣಿತದ ತಪ್ಪುಗಳಲ್ಲಿ ಒಂದೆಂದು ತೋರಿಸಿದ. ಇಂಥಲ್ಲಿ ‘ನಾನು’ ಬದಲು ‘ಇವರೆಲ್ಲ ಸೇರಿ’ ಅಂತ ತೆಗೆದು ನೋಡಬೇಕು.

ಮೂರನೆಯದು ಅರಿವು. ಗೊತ್ತಿತ್ತೇ ಅನ್ನುವುದಷ್ಟೇ ಸಾಲದು, ಗೊತ್ತು ಮಾಡಿಕೊಳ್ಳಬೇಕಿತ್ತೇ ಅನ್ನುವುದನ್ನೂ ಕೇಳಬೇಕು. ಕುಡಿದು ತಪ್ಪು ಮಾಡಿದವನಿಗೆ ದಂಡ ಇಮ್ಮಡಿ ಇರುವ ಕಾನೂನನ್ನು ಅರಿಸ್ಟಾಟಲ್ ಉದಾಹರಿಸುತ್ತಾನೆ. ಎಚ್ಚರ ತಪ್ಪಿದ್ದು ನಿಜ, ಆದರೆ ಆ ಎಚ್ಚರವನ್ನು ಕಳೆದುಕೊಂಡವನು ಅವನೇ. ಅಜ್ಞಾನದಿಂದ ಅದೇ ಮನುಷ್ಯನಿಗೆ ಲಾಭವಾಗುತ್ತಿದ್ದರೆ ಅಲ್ಲಿ ಎರಡು ಸಲ ನೋಡಿ.

ನಾಲ್ಕನೆಯದು ಶಕ್ತಿ: ಬೇರೆ ಮಾಡಲು ಸಾಧ್ಯವಿತ್ತೇ? ಐದನೆಯದರಲ್ಲಿ ವಿದ್ಯಾರ್ಥಿಗಳು ಸಾಲಾಗಿ ಬೀಳುತ್ತಾರೆ, ಸಮರ್ಥನೆ ಮತ್ತು ವಿನಾಯಿತಿ. ಕಾಲು ಕತ್ತರಿಸಿ ಜೀವ ಉಳಿಸಿದ ವೈದ್ಯರಿಗೆ ಸಮರ್ಥನೆ ಇದೆ, ಕೆಲಸವೇ ಸರಿ. ಜ್ವರದ ಭ್ರಮೆಯಲ್ಲಿ ಹೊಡೆದವನಿಗೆ ವಿನಾಯಿತಿ ಇದೆ, ಕೆಲಸ ತಪ್ಪೇ, ದೂರು ಅವನ ಮೇಲೆ ನಿಲ್ಲುವುದಿಲ್ಲ ಅಷ್ಟೆ. ಒಂದನ್ನು ಇನ್ನೊಂದರ ಜಾಗದಲ್ಲಿ ಬರೆದರೆ ಅಂಕ ಹೋಗುವುದು ಹಾಗಿರಲಿ, ವಾದವೇ ತಲೆಕೆಳಗಾಗುತ್ತದೆ.

ಕೋರ್ಟ್ ಸರ್ಕಲ್
ಕಾನೂನಿನ ಕಡೆಯಿಂದ ಒಂದು ಮಾತು. ಅರಿವಿನ ಮೆಟ್ಟಿಲುಗಳು ಭಾರತೀಯ ನ್ಯಾಯ ಸಂಹಿತೆಯಲ್ಲೂ ಕಾಣುತ್ತವೆ (2024ರ ಜುಲೈ 1ರಿಂದ ಜಾರಿ). ಒಬ್ಬ ಸತ್ತ ಅನ್ನುವ ಹಾನಿ ಒಂದೇ. ಕಲಮು 103 ಕೊಲೆಗೆ, 105 ಕೊಲೆಯಲ್ಲದ ನರಹತ್ಯೆಗೆ, 106 ನಿರ್ಲಕ್ಷ್ಯದಿಂದಾದ ಸಾವಿಗೆ. ಶಿಕ್ಷೆ ಮರಣದಂಡನೆಯಿಂದ ಐದು ವರ್ಷದವರೆಗೆ ಇಳಿಯುತ್ತದೆ. ಬದಲಾಗುವುದು ಮನಸ್ಸಿನ ಸ್ಥಿತಿ ಮಾತ್ರ.

ಆದರೆ ಕಾನೂನು ಮತ್ತು ನೀತಿ ಎರಡೂ ಒಂದೇ ಗೆರೆ ಎಳೆಯುವುದಿಲ್ಲ. ರಸ್ತೆಯಲ್ಲಿ ಬಿದ್ದವರ ವಿಡಿಯೊ ಮಾಡುತ್ತ ನಿಂತ ದಾರಿಹೋಕರಿಗೆ, ಅಪಘಾತ ಮಾಡಿದವರು ಅವರೇ ಅಲ್ಲದಿದ್ದರೆ, ಸಾಮಾನ್ಯವಾಗಿ ಕಾನೂನಿನ ಕರ್ತವ್ಯ ಇರುವುದಿಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 134ಎ ಕಲಮು ನೆರವಾದವರನ್ನು ರಕ್ಷಿಸುತ್ತದೆ, ನೆರವಾಗಲೇಬೇಕು ಅನ್ನುವುದಿಲ್ಲ. ‘ಕೇಸು ಆಗಲಿಲ್ಲ, ಆದ್ದರಿಂದ ನೈತಿಕ ಕೇಡಲ್ಲ’ ಅಂತ ಬರೆಯಬೇಡಿ.

ಬೆಳವಲ
ಬರಗಾಲದ ಉದಾಹರಣೆ ಸೇರಿಸಿದರೆ ಪ್ರಬಂಧಕ್ಕೆ ತೂಕ ಬರುತ್ತದೆ. 1876–78ರ ಬರದಲ್ಲಿ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಮಳೆ ತಪ್ಪಿದ್ದು ನಿಸರ್ಗ. ಆದರೆ 1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ದಿನಗೂಲಿಯ ಧಾನ್ಯವನ್ನು ಒಂದು ಪೌಂಡಿಗೆ, ಅಂದರೆ ಸುಮಾರು 450 ಗ್ರಾಂಗೆ, ಇಳಿಸಿದ. ಕಲ್ಲು ಒಡೆಯುವ ಆಳಿಗೆ ಇದು ಸಾಲದು ಅಂತ ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಆಗಲೇ ವಿರೋಧಿಸಿದ್ದ. ಅಂದರೆ ಅರಿವು ಇತ್ತು. ಅದೇ ಹೊತ್ತಿಗೆ ದೇಶದಿಂದ ಧಾನ್ಯ ರಫ್ತೂ ಆಗುತ್ತಿತ್ತು, ಅಂದರೆ ಶಕ್ತಿಯೂ ಇತ್ತು. ವರದಾತೀರ ಅವರ ಮೂರು ಮತ್ತು ನಾಲ್ಕನೆಯ ಹಂತ ಎರಡೂ ತುಂಬಿದವು. ಬರಗಾಲ ಅಂದರೆ ಆಹಾರ ಇಲ್ಲದಿರುವುದಲ್ಲ, ಆಹಾರ ಪಡೆಯುವ ಹಕ್ಕು ಜನರಿಗೆ ಇಲ್ಲದಿರುವುದು ಎಂಬ ಅಮರ್ತ್ಯ ಸೇನ್ ವಾದ (1981) ಇಲ್ಲಿಗೆ ಹೊಂದುತ್ತದೆ.

ಲಕ್ಕುಂಡಿ
ಅತ್ತಿಕೊಳ್ಳ ಅವರ ‘ಕೆಡಲು ಬಿಟ್ಟರು’ ಖಾನೆಗೆ ಹಳೆಯ, ಇನ್ನೂ ನುಣುಪಾದ ಸಾಧನ ಒಂದಿದೆ. ಅತ್ತಿಮಬ್ಬೆ ಇಲ್ಲಿ ಬಸದಿ ಕಟ್ಟಿಸಿದ ಕಾಲಕ್ಕಾಗಲೇ ಅದು ಹಳೆಯದು: ಜೈನರ 108ರ ಲೆಕ್ಕ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಬರುತ್ತದೆ. ಕೆಟ್ಟ ಕೆಲಸವೊಂದನ್ನು ನಾಲ್ಕು ಸಲ ಸೀಳಬೇಕು.

ಎಲ್ಲಿಯವರೆಗೆ ಹೋಯಿತು: ಸಂರಂಭ (ಮಾಡಬೇಕೆಂಬ ನಿರ್ಧಾರ), ಸಮಾರಂಭ (ಸಾಮಗ್ರಿ ಕೂಡಿಸುವುದು), ಆರಂಭ (ಕೈ ಹಚ್ಚುವುದು). ಯಾವುದರಿಂದ: ಮನಸ್ಸು, ಮಾತು, ದೇಹ. ಯಾವ ರೀತಿ: ಕೃತ (ತಾನೇ ಮಾಡಿದ್ದು), ಕಾರಿತ (ಮಾಡಿಸಿದ್ದು), ಅನುಮತ (ಮಾಡುವವರಿಗೆ ಹೂಂ ಅಂದದ್ದು). ಯಾವ ಕಷಾಯದಿಂದ (ಮನಸ್ಸನ್ನು ಕಲಕುವ ಕೆಟ್ಟ ಭಾವ): ಕ್ರೋಧ, ಮಾನ (ಗರ್ವ), ಮಾಯೆ (ಮೋಸ), ಲೋಭ. ಮೂರು ಮೂರಲೆ ಒಂಬತ್ತು, ಒಂಬತ್ತು ಮೂರಲೆ ಇಪ್ಪತ್ತೇಳು, ಇಪ್ಪತ್ತೇಳು ನಾಲ್ಕಲೆ 108.

ಮೆಣಸಿನಕಾಯಿ ಪುಡಿಗೆ ಸುಡಾನ್ ಬಣ್ಣ ಬೆರೆಸುವ ಪ್ರಕರಣಕ್ಕೆ ಹಚ್ಚಿ ನೋಡಿ. (ಬ್ಯಾಡಗಿ ಪೇಟೆಯ ಮೇಲೆ ಆರೋಪವಲ್ಲ, ಉದಾಹರಣೆ ಮಾತ್ರ. ಬ್ಯಾಡಗಿ ಕಾಯಿಗೆ ಬೆಲೆ ಇರುವುದು ಖಾರಕ್ಕಲ್ಲ, ಕೆಂಪಿಗೆ. ಆದ್ದರಿಂದ ಕೆಂಪನ್ನು ಕದಿಯುವ ಆಸೆ ಯಾರಿಗೂ ಅರ್ಥವಾಗುತ್ತದೆ.) ಸುಡಾನ್ ಎಣ್ಣೆಯಲ್ಲಿ ಕರಗುವ ಕೈಗಾರಿಕೆಯ ಬಣ್ಣ, ಆಹಾರಕ್ಕೆ ಅನುಮತಿ ಇಲ್ಲ. ಬೆರೆಸೋಣ ಅಂತ ಮಾಲೀಕ ತೀರ್ಮಾನಿಸಿದ್ದು ಸಂರಂಭ, ಡಬ್ಬಿ ತರಿಸಿದ್ದು ಸಮಾರಂಭ, ಬೆರೆಸಿದ್ದು ಆರಂಭ. ಆಳಿನದು ಕೃತ, ಮಾಲೀಕನದು ಕಾರಿತ. ಗೊತ್ತಿದ್ದೂ ‘ಬಣ್ಣ ಭಾರೀ ಬಂದೈತಿ’ ಅಂತ ಮೆಚ್ಚಿ ಕೊಂಡ ವ್ಯಾಪಾರಿಯದು ಅನುಮತ. ಲಾಭಕ್ಕಾದರೆ ಲೋಭ, ಲ್ಯಾಬಿನವರ ಕಣ್ಣು ತಪ್ಪಿಸುವ ಉಪಾಯದಲ್ಲಿ ಮಾಯೆ. ‘ನಾನು ಮುಟ್ಟೇ ಇಲ್ಲ’ ಅನ್ನುವ ಮಾತು ಈ ಪಟ್ಟಿಯ ಮುಂದೆ ನಿಲ್ಲುವುದಿಲ್ಲ, ಯಾಕೆಂದರೆ ಮುಟ್ಟದೆ ಮಾಡುವ ಪಾಪಕ್ಕೇ ಹೆಚ್ಚು ಮನೆಗಳಿವೆ.

ದುರ್ಗದಬೈಲ್
ಲೆಕ್ಕ ಚೆನ್ನಾಗಿದೆ. ಆದರೆ ರೈತ ಎರೆಹೊಲ ಹರಗಿದರೆ ಎಷ್ಟು ಹುಳ ಸಾಯುತ್ತವೆ? ಅದು ಕೃತ, ದೇಹದಿಂದ, ಆರಂಭದವರೆಗೂ ಹೋಗಿದೆ. ಹಾಗಾದರೆ ಗದಗ ಜಿಲ್ಲೆ ಪೂರ್ತಿ ನೈತಿಕ ಕೇಡೇ?

ಲಕ್ಕುಂಡಿ
ನಾಲ್ಕನೆಯ ಸೀಳು ಬಿಟ್ಟಿರಿ. ಅದೇ ಸೂತ್ರಗ್ರಂಥ ಹಿಂಸೆಯನ್ನು ‘ಪ್ರಮತ್ತಯೋಗದಿಂದ’ ಪ್ರಾಣ ತೆಗೆಯುವುದು ಅನ್ನುತ್ತದೆ, ಅಂದರೆ ಕಷಾಯಕ್ಕೆ ಸಿಕ್ಕಿ, ಎಚ್ಚರಗೆಟ್ಟು. ಹುಳವನ್ನು ಕೊಲ್ಲುವುದು ಹರಗುವವನ ಉದ್ದೇಶವಲ್ಲ. ಗೃಹಸ್ಥನಿಗೆ ಹಿಂಸೆಯಲ್ಲಿ ನಾಲ್ಕು ಬಗೆ ಹೇಳಿದ್ದಾರೆ: ಸಂಕಲ್ಪಿ (ಬೇಕೆಂದೇ ಮಾಡಿದ್ದು), ಆರಂಭಿ (ಅಡಿಗೆ, ಕಸಬರಿಗೆ, ಮನೆಗೆಲಸ), ಉದ್ಯೋಗಿ (ಒಕ್ಕಲುತನ, ಕಸುಬು), ವಿರೋಧಿ (ಆತ್ಮರಕ್ಷಣೆ). ಪೂರ್ತಿ ಬಿಡಲೇಬೇಕಾದದ್ದು ಮೊದಲನೆಯದು. ಉಳಿದ ಮೂರರಲ್ಲಿ ಎಚ್ಚರ ಹೆಚ್ಚಿಸಬೇಕು, ಹಾನಿ ತಗ್ಗಿಸಬೇಕು. ಇಡೀ ದಿನ ಬಲೆ ಬೀಸಿ ಒಂದು ಮೀನೂ ಸಿಗದ ಬೆಸ್ತನಿಗೆ ಪಾಪ, ಉಳುವಾಗ ಹುಳ ಸತ್ತರೂ ರೈತನಿಗೆ ಹಾಗಲ್ಲ ಅನ್ನುವ ಹೋಲಿಕೆ ಶ್ರಾವಕಾಚಾರದ (ಜೈನ ಗೃಹಸ್ಥರ ನಡತೆಯ) ಗ್ರಂಥಗಳಲ್ಲಿದೆ. ಬೆಸ್ತರ ಬಗ್ಗೆ ಅನ್ಯಾಯದ ಉದಾಹರಣೆ ಅನ್ನಿ, ಒಪ್ಪುತ್ತೇನೆ. ತರ್ಕ ಮಾತ್ರ ಸ್ಪಷ್ಟ.

ಕಪ್ಪತಗುಡ್ಡ
ಅನುಮತಕ್ಕೆ ಪ್ರಯೋಗದ ಆಧಾರವೂ ಇದೆ. ಯೇಲ್‌ನಲ್ಲಿ 1961ರಲ್ಲಿ ಮನೋವಿಜ್ಞಾನಿ ಮಿಲ್ಗ್ರಾಂ ಶುರು ಮಾಡಿದ ಸುಳ್ಳು ವಿದ್ಯುತ್ ಆಘಾತದ ಪ್ರಯೋಗವನ್ನು (ಆಜ್ಞೆ ಕೊಟ್ಟರೆ ಜನ ಇನ್ನೊಬ್ಬರಿಗೆ ಎಷ್ಟು ಆಘಾತ ಕೊಡುತ್ತಾರೆ ಎಂಬ ಪರೀಕ್ಷೆ) ಎಲ್ಲರೂ ಹೇಳುತ್ತಾರೆ: 40 ಜನರಲ್ಲಿ 26 ಜನ 450 ವೋಲ್ಟಿನ ಕೊನೆಯವರೆಗೂ ಗುಂಡಿ ಒತ್ತಿದರು. ಹೆಚ್ಚು ಜನ ಹೇಳದೆ ಬಿಡುವುದು ಅದರ ಬೇರೆ ಆವೃತ್ತಿಗಳನ್ನು. ಗುಂಡಿ ಒತ್ತುವ ಕೆಲಸ ಬೇರೆಯವರಿಗೆ ಕೊಟ್ಟು, ಪ್ರಶ್ನೆ ಓದುವಂಥ ಪಕ್ಕದ ಕೆಲಸವನ್ನಷ್ಟೇ ಇವರಿಗೆ ಕೊಟ್ಟಾಗ 40ರಲ್ಲಿ 37 ಜನ ಕೊನೆಯವರೆಗೂ ಕೂತರು. ಆಜ್ಞೆ ಕೊಡುವವನು ಎದುರಿಗಿಲ್ಲದೆ ಫೋನಿನಲ್ಲಿದ್ದಾಗ ಕೊನೆ ಮುಟ್ಟಿದವರು ಐದರಲ್ಲಿ ಒಬ್ಬರಷ್ಟು. ‘ಮನುಷ್ಯ ಸ್ವಭಾವವೇ ಇಷ್ಟು’ ಅಂತ ಬರೆಯುವ ಮೊದಲು ಈ ಎರಡು ಅಂಕಿ ನೋಡಿ. ಸ್ವಭಾವ ಅದೇ ಇದ್ದು ಸನ್ನಿವೇಶ ಬದಲಾದರೆ ಅಂಕಿ ಇಷ್ಟು ಏರಿಳಿಯುತ್ತದೆ.

ಚಿಂತಕಿ ಹ್ಯಾನಾ ಆರೆಂಟ್ ಅವರನ್ನು ತರುವುದಾದರೆ ಎಚ್ಚರ. ಯೆಹೂದ್ಯರನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ನಾಜಿ ಅಧಿಕಾರಿ ಐಖ್‌ಮನ್‌ನ 1961ರ ಜೆರುಸಲೇಂ ವಿಚಾರಣೆಯ ಬಗ್ಗೆ ಬರೆದ, 1963ರ ಪುಸ್ತಕದ ‘ಕೇಡಿನ ಸಾಮಾನ್ಯತೆ’ ಅಂದರೆ ಕೇಡು ಸಣ್ಣದು ಅಂತಲ್ಲ, ನಮ್ಮೆಲ್ಲರೊಳಗೂ ಐಖ್‌ಮನ್ ಇದ್ದಾನೆ ಅಂತಲೂ ಅಲ್ಲ. ದೊಡ್ಡ ಕೇಡಿಗೆ ದೊಡ್ಡ ದುರುದ್ದೇಶ ಬೇಕಿಲ್ಲ, ಎದುರಿನವರ ಜಾಗದಲ್ಲಿ ನಿಂತು ಯೋಚಿಸದಿರುವುದೇ ಸಾಕು ಅನ್ನುವುದು ಅವರ ಮಾತು. ಐಖ್‌ಮನ್ ಅರ್ಜೆಂಟೀನಾದಲ್ಲಿ ಅಡಗಿದ್ದಾಗ ಕೊಟ್ಟ ಸಂದರ್ಶನಗಳನ್ನು ಬೆಟಿನಾ ಸ್ಟಾಂಗ್ನೆತ್ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಮೇಲೆ ಅವನು ಬರೀ ಗುಮಾಸ್ತ ಆಗಿರಲಿಲ್ಲ, ನಂಬಿ ಮಾಡಿದವನು ಅನ್ನುವುದು ಗಟ್ಟಿಯಾಯಿತು. ಆರೆಂಟ್ ಆರಿಸಿದ ಉದಾಹರಣೆ ತಪ್ಪಿರಬಹುದು, ಪರಿಕಲ್ಪನೆ ಉಳಿಯುತ್ತದೆ. ಹೂಳಿನ ಕಡತವನ್ನು ಆರು ತಿಂಗಳು ಮೇಜಿನ ಮೇಲೆ ಇಟ್ಟುಕೊಂಡವರಿಗೆ ರೈತರ ಮೇಲೆ ದ್ವೇಷ ಇರಬೇಕಾಗಿಲ್ಲ.

ಮಾಳಮಡ್ಡಿ
ಕರ್ಮದ ಮಾತು ಯಾರೂ ಎತ್ತಲಿಲ್ಲಲ್ಲ. ಬ್ರಹ್ಮಸೂತ್ರ 2.1.34ರೊಳಗ ಇದ ಪ್ರಶ್ನಿ ಬರ್ತದ: ಒಬ್ಬರಿಗೆ ಸುಖ ಒಬ್ಬರಿಗೆ ದುಃಖ ಕೊಟ್ರ ದೇವರಿಗೆ ಪಕ್ಷಪಾತ, ನಿರ್ದಯತೆ ಅಂಟೂದಿಲ್ಲೇನು? ಇಲ್ಲ, ಅವರವರ ಕರ್ಮ ನೋಡಿ ಕೊಡ್ತಾನ ಅಂತ ಉತ್ತರ. ಶಂಕರರ ಭಾಷ್ಯದಾಗ ಮಳೀದೇ ಹೋಲಿಕೆ. ಮಳಿ ಎಲ್ಲಾ ಬೀಜಕ್ಕೂ ಒಂದ, ಒಂದು ಭತ್ತ ಆಗೂದು ಇನ್ನೊಂದು ಜವೆ ಆಗೂದು ಬೀಜದ ಶಕ್ತಿಯಿಂದ. ಮೊದಲನೇ ಕರ್ಮ ಎಲ್ಲಿಂದ ಬಂತು ಅಂದ್ರ ಸಂಸಾರ ಅನಾದಿ ಅಂತ ಮುಂದಿನ ಸೂತ್ರ. ಮಧ್ವರು ಒಂದು ಹೆಜ್ಜಿ ಮುಂದ ಹೋಗಿ ಜೀವರ ಸ್ವಭಾವದಾಗೇ ಮೂರು ತರತಮ ಹೇಳ್ತಾರ: ಮುಕ್ತಿಯೋಗ್ಯ, ನಿತ್ಯಸಂಸಾರಿ (ಯಾವಾಗಲೂ ಸಂಸಾರದಾಗೇ ಇರೂವ್ರು), ತಮೋಯೋಗ್ಯ (ಕತ್ತಲಿನ ನರಕಕ್ಕ ಹೋಗೂವ್ರು). ಭಾರತೀಯ ದರ್ಶನಗಳೊಳಗ ಇಷ್ಟು ಖಡಕ್ಕಾಗಿ ಹೇಳಿದವರು ಅಪರೂಪ.

ದುರ್ಗದಬೈಲ್
ಸ್ವಭಾವವೇ ತಮೋಯೋಗ್ಯ ಅಂದಮೇಲೆ ಜವಾಬು ಯಾರನ್ನು ಕೇಳುವುದು ರಾಯರೇ? ಚೇಳಿನ ಕತೆ ಆಯಿತಲ್ಲ.

ಮಾಳಮಡ್ಡಿ
ಅದಕ್ಕ ಅವರು ಜೀವನ ಕರ್ತೃತ್ವ ಖರೆ, ಆದ್ರ ಪರಾಧೀನ ಅಂತಾರ. ಸ್ವಭಾವ ಹೊರಗಿಂದ ಹೇರಿದ್ದಲ್ಲ, ದೇವರು ಮಾಡಿಟ್ಟದ್ದೂ ಅಲ್ಲ, ಅದ ತಾನು. ಚಾಕು ಕೈಯಾಗ ಹಿಡಿಸಿ ಮಾಡಿಸಿದ್ರ ವಿನಾಯಿತಿ ಸಿಗ್ತದ, ‘ನಾ ನಾನಾಗಿದ್ದೆ’ ಅಂದ್ರ ಸಿಗೂದಿಲ್ಲ. ಇದು ಎಲ್ಲಾರಿಗೂ ಒಪ್ಪಿಗಿ ಆಗ್ತದ ಅಂತ ನಾ ಹೇಳೂದಿಲ್ಲ.

ವರದಾತೀರ
ಕರ್ಮದ ವಾದ ಬರೆಯುವಾಗ ಆಗುವ ತಪ್ಪು ಒಂದಿದೆ. ಅದು ‘ಈ ದುಃಖ ಇವರಿಗೇ ಯಾಕೆ ಬಂತು’ ಅನ್ನುವುದಕ್ಕೆ ಉತ್ತರ. ‘ದುಃಖ ಕೊಟ್ಟವರಿಗೆ ಹೊಣೆ ಇದೆಯೇ’ ಅನ್ನುವುದಕ್ಕಲ್ಲ. ನೊಂದವರ ಹಳೆಯ ಕರ್ಮ ತೀರಿತು ಅಂದರೂ ನೋಯಿಸಿದವರ ಹೊಸ ಕರ್ಮ ಆ ಕ್ಷಣಕ್ಕೇ ಕಟ್ಟುತ್ತದೆ. ಇದನ್ನು ಬಿಟ್ಟರೆ ನೊಂದವರನ್ನೇ ದೂರಿದ ಹಾಗಾಗುತ್ತದೆ.

ಸಾಧನಕೇರಿ
‘ಧರ್ಮ ಗೊತ್ತು, ಅದರಂತೆ ನಡೆಯಲಾರೆ, ಅಧರ್ಮ ಗೊತ್ತು, ಬಿಡಲಾರೆ’ ಎಂಬ ದುರ್ಯೋಧನನ ಮಾತು ಪ್ರಬಂಧದಲ್ಲಿ ಬಂದೇ ಬರುತ್ತದೆ, ಅದಕ್ಕೇ ಮೊದಲೇ ಹೇಳುತ್ತೇನೆ. ಅದನ್ನು ‘ಮಹಾಭಾರತದಲ್ಲಿ’ ಅಂತ ಬರೆಯಬೇಡಿ. ಆ ಶ್ಲೋಕ ಇರುವುದು ಪಾಂಡವಗೀತೆ ಎಂಬ ಸ್ತೋತ್ರಸಂಕಲನದಲ್ಲಿ. ಗದುಗಿನ ವೀರನಾರಾಯಣನ ಊರಿನಲ್ಲಿ ಈ ತಪ್ಪು ಮಾಡಿದರೆ ಬಿಡುವವರಿಲ್ಲ.

ಆ ಮಾತನ್ನು ಜರ್ಮನ್ ತತ್ತ್ವಜ್ಞ ಕಾಂಟ್‌ನ (1793) ಕೇಡಿನ ಮೂರು ಮೆಟ್ಟಿಲಿಗೆ ಹಚ್ಚಬಹುದು. ಅಂಗಡಿಯ ತಕ್ಕಡಿ ತೆಗೆದುಕೊಳ್ಳಿ. ಸರಿಯಾಗಿ ತೂಗಬೇಕು ಅಂತ ನಿಶ್ಚಯಿಸಿದವನು ಸಾಲಗಾರರು ಬಂದ ದಿನ ಕೈ ಸಡಿಲಿಸಿದರೆ ಅದು ದೌರ್ಬಲ್ಯ. ಸರಿಯಾಗಿಯೇ ತೂಗುತ್ತಾನೆ, ಆದರೆ ಗಿರಾಕಿ ತಪ್ಪಬಾರದು ಅನ್ನುವ ಲೆಕ್ಕವೂ ಸೇರದೆ ಅವನ ಕೈ ಏಳುವುದಿಲ್ಲ ಅಂದರೆ ಬೆರಕೆ. ಹೊರಗೆ ತಪ್ಪೇ ಕಾಣದು. ‘ನನಗೆ ಲಾಭ ಇದ್ದಷ್ಟು ದಿನ ಸರಿ ತೂಕ’ ಅನ್ನುವುದನ್ನೇ ನಿಯಮ ಮಾಡಿಕೊಂಡರೆ ಮೂರನೆಯದು, ಕ್ರಮವೇ ತಿರುವುಮುರುವಾದದ್ದು. ದುರ್ಯೋಧನ ಮೊದಲ ಮೆಟ್ಟಿಲಿನ ಭಾಷೆ ಆಡುತ್ತ ಮೂರನೆಯದರಲ್ಲಿ ನಿಂತಿದ್ದಾನೆ ಅನ್ನುವುದು ನನ್ನ ಓದು. ಕಾಂಟ್ ಹೇಳುವ ‘ಬೇರುಮಟ್ಟದ ಕೇಡು’ ಅಂದರೆ ಅತಿ ಘೋರ ಅಂತಲ್ಲ, ಬೇರಿನಲ್ಲಿ ಇದೆ ಅಂತ. ಈ ಶಬ್ದವನ್ನು ತಪ್ಪು ತಿಳಿದವರೇ ಹೆಚ್ಚು.

ಕೋರ್ಟ್ ಸರ್ಕಲ್
ತಪ್ಪು ತಕ್ಕಡಿಯನ್ನು ‘ಕೇಡು’ ಅನ್ನಬಹುದೇ? ಎಲ್ಲ ತಪ್ಪೂ ಕೇಡಾದರೆ ನರಮೇಧಕ್ಕೆ ಯಾವ ಶಬ್ದ ಉಳಿಯುತ್ತದೆ?

ಸಾಧನಕೇರಿ
ಒಳ್ಳೆಯ ಪ್ರಶ್ನೆ. ದೇವರ ಅಸ್ತಿತ್ವದ ಚರ್ಚೆಯಲ್ಲಿ ನೈತಿಕ ಕೇಡು ವಿಶಾಲ ಅರ್ಥದ್ದು, ಸಣ್ಣ ಸುಳ್ಳೂ ಸೇರುತ್ತದೆ. ಈಚಿನವರು ಅದನ್ನು ಬಿಗಿ ಮಾಡಿದ್ದಾರೆ. ತತ್ತ್ವಜ್ಞೆ ಕ್ಲಾಡಿಯಾ ಕಾರ್ಡ್ (2002) ಪ್ರಕಾರ ಎರಡು ಕೂಡಬೇಕು: ಸಹಿಸಲಾಗದ, ಮೊದಲೇ ಊಹಿಸಬಹುದಾದ ಹಾನಿ, ಮತ್ತು ಅದನ್ನು ತಂದ ದೂಷಣಾರ್ಹ ತಪ್ಪು. ತಕ್ಕಡಿಯಲ್ಲಿ ಎರಡನೆಯದು ಮಾತ್ರ ಇದೆ. ಯಾವ ಅರ್ಥದಲ್ಲಿ ಬಳಸುತ್ತೀರಿ ಅನ್ನುವುದನ್ನು ಪ್ರಬಂಧದ ಮೊದಲ ಪ್ಯಾರಾದಲ್ಲೇ ಬರೆದುಬಿಡಿ. ಕೇಡು ಇರುವಾಗ ಸರ್ವಶಕ್ತ, ಒಳ್ಳೆಯ ದೇವರು ಇರಲಾರ ಎಂದ ಜಾನ್ ಮ್ಯಾಕಿಗೆ (1955) ಎದುರಾಗಿ ಪ್ಲಾಂಟಿಂಗ (1974) ಹೂಡಿದ ಸ್ವತಂತ್ರ ಇಚ್ಛೆಯ ವಾದಕ್ಕೆ (ಕೇಡು ಬರುವುದು ಮನುಷ್ಯರ ಸ್ವಂತ ಆಯ್ಕೆಯಿಂದ ಎಂಬುದಕ್ಕೆ) ವಿಶಾಲ ಅರ್ಥ ಬೇಕು. ಅದು ನೇರವಾಗಿ ಉತ್ತರಿಸುವುದು ನೈತಿಕ ಕೇಡಿಗೆ ಮಾತ್ರ. ಕಾಡ್ಗಿಚ್ಚಿನಲ್ಲಿ ಯಾರಿಗೂ ಕಾಣದೆ ಬೆಂದು ಸಾಯುವ ಜಿಂಕೆಮರಿಯ ಪ್ರಶ್ನೆಯನ್ನು ವಿಲಿಯಂ ರೋ 1979ರಲ್ಲಿ ಎತ್ತಿದ್ದು ಆ ಸಂದಿಯಲ್ಲೇ.

ನವಲಗುಂದದ ಓದುಗ
ಎಲ್ಲರಿಗೂ ಶರಣು. ಹೀಗೆ ಬರೆದಿದ್ದೇನೆ, ನೋಡಿ: “ಎರೆಮಣ್ಣು ನೆನೆದ ಮೇಲೆ ನೀರನ್ನು ಬೇಗ ಇಂಗಿಸುವುದಿಲ್ಲ, ನೀರು ಹಳ್ಳಕ್ಕೆ ಹರಿಯುವುದು ನೈಸರ್ಗಿಕ. ಹೂಳು, ಜಾಲಿಕಂಟಿ ತುಂಬಿ ಹಳ್ಳದ ಪಾತ್ರ ಕಿರಿದಾಗಿದ್ದರೆ, ಅದು ಗೊತ್ತಿದ್ದು, ಹಣವೂ ಇದ್ದು ಬಿಟ್ಟಿದ್ದರೆ, ಹೆಚ್ಚಾದಷ್ಟು ಹಾನಿ ನೈತಿಕ. ದಂಡೆ ಒತ್ತಿದವರನ್ನು ಒಟ್ಟಾಗಿ ನೋಡಬೇಕು. ಪ್ರಕೃತಿ ವಿಕೋಪ ಎಂಬ ಒಂದೇ ಹೆಸರಿನಡಿ ಎರಡನ್ನೂ ಸೇರಿಸುವುದು ಸಲ್ಲದು.”

ವರದಾತೀರ
‘ಹೆಚ್ಚಾದಷ್ಟು’ ಅನ್ನುವ ಶಬ್ದ ಸರಿಯಾಗಿ ಬಿದ್ದಿದೆ. ಪರಿಹಾರ ಪಟ್ಟಿಯ ಹಾನಿ ಮರೆತಿದ್ದೀರಿ, ಸೇರಿಸಿ.

ಅತ್ತಿಕೊಳ್ಳ
ಕಡೀ ಸಾಲಿನಾಗ ಇನ್ನೊಂದು ಮಾತು ಸೇರಿಸ್ರಿ. ‘ವಿಕೋಪ’ದೊಳಗ ಕೋಪ ಐತಿ. ಆ ಮಾತು ಮಳಿಗೆ ಸಿಟ್ಟು ಹಚ್ಚಿ, ಜವಾಬು ಕೊಡಬೇಕಾದವರನ್ನ ಖುರ್ಚಿಮ್ಯಾಲೆ ತಣ್ಣಗ ಕೂಡಿಸ್ತೈತಿ.

ನವಲಗುಂದದ ಓದುಗ
ಸೇರಿಸಿದೆ. ತಹಶೀಲ್ದಾರ್ ಕಚೇರಿಯ ಅರ್ಜಿ ನಮೂನೆಯಲ್ಲಿ ಮಾತ್ರ ‘ಪ್ರಕೃತಿ ವಿಕೋಪ’ ಅಂತಲೇ ಬರೆಯಬೇಕು, ಇಲ್ಲಂದ್ರ ಪರಿಹಾರ ಬರೂದಿಲ್ಲ.